ದೂರದಿಂದ ರೋಬೋಟ್ ನಡೆಸಲು ಕ್ಯಾಮೆರಾ ಸಾಲದೇ? ಎಆರ್ ಯಾಕೆ ಬೇಕು?

ಸಾಲದು. ಕ್ಯಾಮೆರಾ ಚಿತ್ರ ತಡವಾಗಿ ಬರುತ್ತದೆ. ಎಆರ್, ಅಂದರೆ ನಿಜವಾದ ದೃಶ್ಯದ ಮೇಲೆ ಕಂಪ್ಯೂಟರ್ ಬಿಡಿಸುವ ಚಿತ್ರ, ಆ ತಡವನ್ನು ಮರೆಸುತ್ತದೆ.

ಪುಣೆಯ ನಮ್ಮ ಲ್ಯಾಬಿಗೆ ಧಾರವಾಡದಿಂದ ಬರುವ ಹುಡುಗರಿಗೆ ಮೊದಲು ಎಆರ್ ಇಲ್ಲದೆ ನಡೆಸಲು ಕೊಡುತ್ತೇನೆ. ರೋಬೋಟ್ ನಡೆಸುವ ಕೋಲು (ಜಾಯ್‌ಸ್ಟಿಕ್) ತಳ್ಳಿದ ಅರ್ಧ ಸೆಕೆಂಡಿನ ಮೇಲೆ ಪರದೆಯಲ್ಲಿ ರೋಬೋಟಿನ ತೋಳು ಕದಲುತ್ತದೆ. ಅಷ್ಟರಲ್ಲಿ ಅವರು ಇನ್ನೂ ಜಾಸ್ತಿ ತಳ್ಳಿರುತ್ತಾರೆ! ಅದಕ್ಕೇ ತೋಳಿನ ಒಂದು ‘ನೆರಳು’ ಬಿಡಿಸುತ್ತೇವೆ. ಅದು ಕೈ ಜೊತೆಗೇ ಚಲಿಸುತ್ತದೆ, ನಿಜವಾದ ತೋಳು ಹಿಂದಿನಿಂದ ಬಂದು ಸೇರುತ್ತದೆ. ಚಂದ್ರನಿಗೆ ಸಂಕೇತ ಹೋಗಿಬರಲು ಸುಮಾರು 2.6 ಸೆಕೆಂಡ್ ಬೇಕು. ಅಲ್ಲಿ ಸುಮ್ನೆ ಕಾಯುತ್ತಾ ಕೂರಲಾಗದು ಅಲ್ವಾ?

ನಿಜವಾದ ಕಷ್ಟ ಅಳತೆಯದು. ಕ್ಯಾಮೆರಾದ ಕೋನ 1 ಡಿಗ್ರಿ ತಪ್ಪಿದರೂ 2 ಮೀಟರ್ ದೂರದಲ್ಲಿ ನೆರಳು ಸುಮಾರು 3.5 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ.