ಚಾರ್ಟ್, ಜಾಥಾ ಬಿಟ್ಟು ವಾಯುಮಾಲಿನ್ಯದ ವಿರುದ್ಧ ಮಕ್ಕಳು ಏನು ಮಾಡಬಹುದು?

ಎಂಟನೇ ತರಗತಿಗೆ ವಾಯುಮಾಲಿನ್ಯದ ಪಾಠ ಮಾಡುತ್ತಿದ್ದೇನೆ, ಚಾರ್ಟ್ ಬರೆಸಿ ಜಾಥಾ ಹೊರಡಿಸುವುದರ ಆಚೆಗೆ ನಿಜಕ್ಕೂ ಏನಾದರೂ ಬದಲಾಗುವಂಥ ಕೆಲಸವಿದೆಯೇ ಎಂದು ಕೇಳಿದ್ದೀರಿ. ಇದೆ. ನಾನು ದಾವಣಗೆರೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಊರಿನ ಹೊಗೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಶಾಲೆಯಿಂದ ಕಣ್ಣಿಗೆ ಕಾಣುವ ಒಂದೇ ಒಂದು ಹೊಗೆಯನ್ನು ಆರಿಸಿಕೊಂಡು, ಅದು ಯಾಕೆ ಏಳುತ್ತಿದೆ ಎಂಬುದರ ಬುಡದವರೆಗೆ ಮಕ್ಕಳನ್ನು ಕರೆದೊಯ್ಯಿರಿ.

ನಾವು ಬಿಳಿ ರಟ್ಟಿನ ಚೂರುಗಳಿಂದ ಆರಂಭಿಸಿದೆವು. ಅವುಗಳಿಗೆ ವ್ಯಾಸಲೀನ್ ತೆಳುವಾಗಿ ಸವರಿ ಗೇಟಿನ ಕಂಬ, ಬೇವಿನ ಮರ, ತರಗತಿಯ ಕಿಟಕಿ, ಶಾಲೆಯ ಹಿಂದಿನ ಗೋಡೆ ಹೀಗೆ ಒಂದೊಂದು ಕಡೆ ಕಟ್ಟಿ ಎರಡು ದಿನ ಬಿಟ್ಟೆವು. ಬಳಿಕ ಮಕ್ಕಳು ಪ್ರತಿ ರಟ್ಟಿನಲ್ಲಿ ಒಂದು ಚದರ ಸೆಂಟಿಮೀಟರ್ ಗುರುತಿಸಿ, ಭೂತಗನ್ನಡಿ ಹಿಡಿದು ಕಣಗಳನ್ನು ಎಣಿಸಿದರು. ರಸ್ತೆ ಪಕ್ಕದ ಗೇಟಿನ ರಟ್ಟೇ ಹೆಚ್ಚು ಕೊಳೆಯಾಗಿರುತ್ತದೆ ಎಂದು ಎಲ್ಲರೂ ಊಹಿಸಿದ್ದರು. ಹಿಂದಿನ ಗೋಡೆಯದು ಅದನ್ನೂ ಮೀರಿಸಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಮಕ್ಕಳಿಗೆ ತಪ್ಪದೆ ಹೇಳಿ. ರಟ್ಟಿಗೆ ಅಂಟುವುದು ದಪ್ಪ ಧೂಳು, ಮಸಿ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳು ಕೂದಲೆಳೆಯ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು ಸಣ್ಣವು, ಭೂತಗನ್ನಡಿಗೆ ಸಿಗುವುದಿಲ್ಲ. ಅದಕ್ಕಾಗಿ ನಾವು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ದೇವರಾಜ ಅರಸು ಬಡಾವಣೆಯ ಮಾಪನ ಕೇಂದ್ರದ ಅಂಕಿ ನೋಡಿ, ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ಹಲಗೆಯ ಮೇಲೆ ಬರೆದೆವು. ದಿನದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ‘ನಮ್ಮ ಶ್ವಾಸಕೋಶ ಬೇರೆ ಥರದ್ದೇ, ಮೇಡಂ?’ ಎಂದು ಒಬ್ಬ ಹುಡುಗಿ ಕೇಳಿದಳು. ಆ ಪ್ರಶ್ನೆಯ ಮೇಲೆಯೇ ಒಂದು ಪೀರಿಯಡ್ ಕಳೆಯಿತು, ಕಳೆಯಬೇಕಾದದ್ದೇ.

ಹಿಂದಿನ ಗೋಡೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಮ್ಮ ಆಯಾ ಬೆಳಿಗ್ಗೆ ಬೇವಿನ ಎಲೆಯನ್ನೂ ಚಾಕೊಲೇಟ್ ಕಾಗದವನ್ನೂ ಗುಡ್ಡೆ ಹಾಕಿ ಸುಡುತ್ತಿದ್ದರು. ಎಲೆ ಇಬ್ಬನಿಯಲ್ಲಿ ನೆನೆದಿರುತ್ತದೆ. ಉರಿಯುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತದೆ. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿದ್ದನ್ನು ಮಕ್ಕಳು ಹುಡುಕಿ ತಂದರು. ಅದನ್ನು ಬರೆದು ಗೋಡೆಗೆ ಅಂಟಿಸುವ ಉತ್ಸಾಹ ಅವರಿಗೆ. ನಾನು ತಡೆದೆ. ಮೊದಲು ಆಯಮ್ಮನ ಜೊತೆ ಕೂತು ಮಾತನಾಡಿ ಬನ್ನಿ ಎಂದೆ.

ಅವರು ಹೇಳಿದ್ದು ಸರಳವಾಗಿತ್ತು. ಗಂಟೆ ಹೊಡೆಯುವುದರೊಳಗೆ ಅಂಗಳ ಚೊಕ್ಕಟವಿರಬೇಕು, ಕಸದ ಗಾಡಿ ಬರುವುದು ಆಮೇಲೆ, ನಡುವೆ ಕಸ ಇಡಲು ಜಾಗವಿಲ್ಲ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುತ್ತಿದ್ದವರೂ ಅವರೇ. ಮಕ್ಕಳು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದು ಮುಚ್ಚಳವಿರುವ ಎರಡು ಡಬ್ಬಿ ತರಿಸಿಕೊಂಡರು. ಮೈದಾನದ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿ, ಎಲೆ ಹಾಕುವ ಸರದಿಯನ್ನು ತರಗತಿವಾರು ಹಂಚಿಕೊಂಡರು. ಬೆಂಕಿ ನಿಂತಿತು. ಮತ್ತೆ ರಟ್ಟು ಕಟ್ಟಿದಾಗ ಹಿಂದಿನ ಗೋಡೆಯದಕ್ಕೂ ಕಿಟಕಿಯದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆ ಎರಡು ರಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮಕ್ಕಳ ಮುಖ ನನಗಿನ್ನೂ ನೆನಪಿದೆ.

ಊರಿನ ಗಾಳಿ ಇದರಿಂದ ಶುದ್ಧವಾಗಲಿಲ್ಲ, ಅದನ್ನು ಅವರಿಗೆ ಹೇಳಿಯೂ ಇದ್ದೇನೆ. ಗಾಳಿ ಕೆಟ್ಟಿರುವ ಊರುಗಳಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ನಮ್ಮ ದಾವಣಗೆರೆಯೂ ಇದೆ. ಮಂಡಕ್ಕಿ ಭಟ್ಟಿಗಳ ಹೊಗೆಯ ಮಾತು ಬಂದಾಗ, ಅಲ್ಲೇ ದುಡಿಯುವವರ ಮಗ ತಲೆ ತಗ್ಗಿಸಿದ್ದ. ಆಯಮ್ಮನ ಮಾತು ಕೇಳಿ ಬಂದಿದ್ದ ಮಕ್ಕಳು ಅವನನ್ನು ದೂರಲಿಲ್ಲ. ಭಟ್ಟಿಯ ಒಲೆ ಹೇಗಿರುತ್ತದೆ, ಹೊಗೆ ಹೊರಹೋಗಲು ಚಿಮಣಿ ಎಷ್ಟು ಎತ್ತರ ಎಂದು ಕೇಳಿದರು.

ನೀವು ಮಾಡುವುದಾದರೆ ಮಳೆಗಾಲ ಮುಗಿಯಲಿ. ಮಳೆ ಧೂಳನ್ನು ತೊಳೆದುಬಿಡುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹೊಗೆಯನ್ನು ಅಲ್ಲೇ ಹಿಡಿದಿಡುವುದರಿಂದ ರಟ್ಟುಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಉಬ್ಬಸವಿರುವ ಮಕ್ಕಳನ್ನು ಮಾತ್ರ ಹೊಗೆಯ ಹತ್ತಿರ ಕಳುಹಿಸಬೇಡಿ, ಕಣ ಎಣಿಸುವ ಕೆಲಸವನ್ನು ಅವರಿಗೆ ಕೊಡಿ.