ಆಕ್ಸೊಲಾಟಲ್‌ಗೆ ಬರೀ ಬ್ಲಡ್‌ವರ್ಮ್ ಹಾಕಿದರೆ ಸಾಕಾ? ಬೇರೆ ಏನೇನು ಕೊಡಬಹುದು?

ನಿಮ್ಮ ಹತ್ತಿರ ಆರು ತಿಂಗಳ ಎರಡು ಆಕ್ಸೊಲಾಟಲ್, ಅಂದರೆ ನೀರಲ್ಲೇ ಬದುಕುವ ಸಲಮಾಂಡರ್, ಇವೆ. ಅಂಗಡಿಯವರು ಹೇಳಿದ ಹಾಗೆ ದಿನಾ ಫ್ರೋಜನ್ ಬ್ಲಡ್‌ವರ್ಮ್ (ಸಣ್ಣ ಕೆಂಪು ಮರಿಹುಳು) ಹಾಕುತ್ತಿದ್ದೀರಿ. ಪೆಲೆಟ್, ಅಂದರೆ ಅಂಗಡಿಯ ಒಣ ಕಾಳಿನ ಊಟ, ಹಾಕಿದರೆ ಉಗುಳುತ್ತವೆ. ಅಮೆರಿಕದಲ್ಲಿರುವ ನಿಮ್ಮ ಅಕ್ಕ ಟೈಗರ್ ಸಲಮಾಂಡರ್ ಸಾಕಿದ್ದಾರೆ, ಅದಕ್ಕೂ ಇದೇ ಊಟ ನಡೆಯುತ್ತಾ ಅಂತಲೂ ಕೇಳಿದ್ದೀರಿ.

ನಾನು ಮೈಸೂರಿನ ಮನೆಯಲ್ಲಿ ಕೆಲವು ವರ್ಷದಿಂದ ಆಕ್ಸೊಲಾಟಲ್ ಸಾಕುತ್ತಿದ್ದೇನೆ. ನನ್ನ ಅನುಭವದಲ್ಲಿ ಇವಕ್ಕೆ ಎರೆಹುಳುವೇ ಅನ್ನ. ಉಳಿದದ್ದೆಲ್ಲ ಪಲ್ಯ, ಉಪ್ಪಿನಕಾಯಿ. ಬ್ಲಡ್‌ವರ್ಮ್ ಹಪ್ಪಳ. ಹಪ್ಪಳ ಎಷ್ಟೇ ಇಷ್ಟ ಅಂದರೂ ದಿನವೂ ಅದನ್ನೇ ತಿಂದು ಬೆಳೆಯೋಕೆ ಆಗಲ್ಲ ಅಲ್ವಾ?

ನಾನೂ ಇದೇ ತಪ್ಪು ಮಾಡಿದ್ದೆ. ಮೊದಲು ತಂದ ಮಲ್ಲಿ ಅನ್ನುವ ಆಕ್ಸೊಲಾಟಲ್‌ಗೆ ನಾಲ್ಕು ತಿಂಗಳು ಬರೀ ಬ್ಲಡ್‌ವರ್ಮ್ ಹಾಕಿದೆ. ಅದು ಆಸೆಯಿಂದ ತಿನ್ನುತ್ತಿತ್ತು, ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡೆ. ಒಂದು ದಿನ ಮೇಲಿನಿಂದ ನೋಡಿದಾಗ ತಲೆ ದೊಡ್ಡದು, ಹೊಟ್ಟೆ ಸಣ್ಣದು. ಆಕ್ಸೊಲಾಟಲ್ ಹೊಟ್ಟೆಯ ಅಗಲ ಹೆಚ್ಚುಕಡಿಮೆ ತಲೆಯ ಅಗಲದಷ್ಟೇ ಇರಬೇಕು. ತಲೆಗಿಂತ ತೀರಾ ಸಣ್ಣದಾದರೆ ಊಟ ಸಾಲುತ್ತಿಲ್ಲ, ಬಹಳ ಅಗಲವಾದರೆ ಜಾಸ್ತಿಯಾಗುತ್ತಿದೆ. ನೀವೂ ಇವತ್ತೇ ಹೀಗೆ ಮೇಲಿನಿಂದ ಒಮ್ಮೆ ನೋಡಿ. ಬ್ಲಡ್‌ವರ್ಮ್ ಅಂದರೆ ಒಂದು ಬಗೆಯ ನೊಣದ ಮರಿಹುಳು. ಅದರಲ್ಲಿ ಬಹುಪಾಲು ನೀರು, ಕ್ಯಾಲ್ಸಿಯಂ ಕಡಿಮೆ. ಸಣ್ಣ ಮರಿಗೆ ನಡೆಯುತ್ತದೆ. 15 ಸೆಂಟಿಮೀಟರ್ ದಾಟಿದ ಪ್ರಾಣಿಗೆ ಅದೊಂದೇ ಸಾಲದು.

ಎರೆಹುಳುವಿನ ಒಣತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್. ಮೈ ಮೆತ್ತಗಿದೆ, ಗಟ್ಟಿ ಚಿಪ್ಪಿಲ್ಲ. ಕ್ಯಾಲ್ಸಿಯಂ ಕೂಡ ಬೇರೆ ಹುಳುಗಳಿಗಿಂತ ವಾಸಿ. ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಎರೆಗೊಬ್ಬರ ಮಾಡುವವರು ಊರೂರಲ್ಲಿ ಇದ್ದಾರೆ, ಅವರ ಹತ್ತಿರ ಹುಳು ಸುಲಭವಾಗಿ ಸಿಗುತ್ತದೆ. ಆದರೆ ಯಾವ ಜಾತಿ ಅಂತ ಕೇಳಿ ತನ್ನಿ. ಯೂಡ್ರಿಲಸ್ ಆದರೆ ಒಳ್ಳೆಯದು. ಉದ್ದಕ್ಕಿರುತ್ತದೆ, ಮೈ ಮೇಲೆ ನೇರಳೆ ಹೊಳಪು ಇರುತ್ತದೆ. ಐಸೀನಿಯಾ ಅನ್ನುವ ಸಣ್ಣ ಕೆಂಪು ಹುಳು ಹೆದರಿದಾಗ ಕೆಟ್ಟ ವಾಸನೆಯ ಹಳದಿ ದ್ರವ ಬಿಡುತ್ತದೆ. ಎಷ್ಟೋ ಆಕ್ಸೊಲಾಟಲ್‌ಗಳು ಅದನ್ನು ಬಾಯಿಗೆ ಹಾಕಿಕೊಂಡ ಕ್ಷಣವೇ ಉಗುಳುತ್ತವೆ. ಅದೊಂದೇ ಸಿಕ್ಕಿದರೆ ಬಿಸಿನೀರಲ್ಲಿ ಕೆಲವು ಸೆಕೆಂಡ್ ಅದ್ದಿ, ತಣ್ಣೀರಲ್ಲಿ ತೊಳೆದು ಕೊಡಿ.

ಮಳೆ ಬಂದಾಗ ರಸ್ತೆಗೆ ಬರುವ ಹುಳುಗಳನ್ನು ಮಾತ್ರ ಹೆಕ್ಕಿ ತರಬೇಡಿ. ಯಾವ ತೋಟದಿಂದ ಬಂದವೋ, ಅಲ್ಲಿ ಏನು ಔಷಧಿ ಹೊಡೆದಿದ್ದಾರೋ ಗೊತ್ತಾಗಲ್ಲ. ಈ ಪ್ರಾಣಿಗಳ ಚರ್ಮ ಬಹಳ ಸೂಕ್ಷ್ಮ. ನಾನು ಹುಳುಗಳನ್ನು ತಂದ ಮೇಲೆ ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಒಂದೆರಡು ದಿನ ಇಡುತ್ತೇನೆ. ಆಮೇಲೆ ತೊಳೆದು ಹಾಕುತ್ತೇನೆ. ಹಿಂದಿನ ಬಾಲ್ಕನಿಯಲ್ಲಿ ಒಂದು ಬಕೆಟ್ ಎರೆಗೊಬ್ಬರವನ್ನೇ ಇಟ್ಟುಕೊಂಡಿದ್ದೇನೆ, ತರಕಾರಿ ಸಿಪ್ಪೆ ಅದಕ್ಕೇ ಹೋಗುತ್ತದೆ. ಹುಳು ಕೊಂಡು ಬಹಳ ದಿನ ಆಯಿತು.

ಆಕ್ಸೊಲಾಟಲ್ ಅಗಿಯಲ್ಲ. ಬಾಯಿ ಪಟ್ಟನೆ ತೆಗೆದು ನೀರಿನ ಜೊತೆ ಊಟವನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ತುಂಡು ಅದರ ಬಾಯಿಗಿಂತ ಅಗಲ ಇರಬಾರದು. ನಿಮ್ಮವು ಇನ್ನೂ ಬೆಳೆಯುತ್ತಿವೆ, ಹುಳುವನ್ನು ಎರಡು ಮೂರು ತುಂಡು ಮಾಡಿ. ಟ್ಯಾಂಕ್ ತಳದಲ್ಲಿ ಸಣ್ಣ ಜಲ್ಲಿಕಲ್ಲು ಇದ್ದರೆ ದಯವಿಟ್ಟು ತೆಗೆದುಬಿಡಿ. ಊಟದ ಜೊತೆ ಕಲ್ಲೂ ಒಳಗೆ ಹೋಗಿ ಕರುಳು ಕಟ್ಟಿಕೊಂಡು ಸಾಯುವುದುಂಟು.

ಈಗ ದಿನಕ್ಕೊಮ್ಮೆ ಕೊಡಿ. 20 ಸೆಂಟಿಮೀಟರ್ ದಾಟಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಉಳಿದ ಚೂರನ್ನು ಅರ್ಧ ಗಂಟೆಯೊಳಗೆ ತೆಗೆಯಿರಿ, ಇಲ್ಲದಿದ್ದರೆ ಅದು ಕೊಳೆತು ನೀರಲ್ಲಿ ಅಮೋನಿಯಾ ಅನ್ನುವ ವಿಷ ಏರುತ್ತದೆ. ಎರಡಕ್ಕೂ ಬೇರೆ ಬೇರೆ ಮೂಲೆಯಲ್ಲಿ ಚಿಮಟದಿಂದ ಕೊಟ್ಟರೆ ಒಳ್ಳೆಯದು. ಹಸಿದಾಗ ಒಂದರ ಕಾಲನ್ನು ಇನ್ನೊಂದು ಕಚ್ಚುತ್ತದೆ. ಕಾಲು ಮತ್ತೆ ಬೆಳೆಯುತ್ತದೆ ನಿಜ, ಆದರೆ ಗಾಯಕ್ಕೆ ಫಂಗಸ್ ಹಿಡಿದರೆ ಕಷ್ಟ.

ಪೆಲೆಟ್ ವಿಷಯ. ಮುಳುಗುವ, ಮೆತ್ತಗಿನ, ಪ್ರೋಟೀನ್ 40 ಶೇಕಡಕ್ಕಿಂತ ಜಾಸ್ತಿ ಇರುವ ಪೆಲೆಟ್ ಒಳ್ಳೆಯದೇ. ತೇಲುವ ಮೀನಿನ ಕಾಳು ಬೇಡ. ಅಭ್ಯಾಸ ಮಾಡಿಸೋಕೆ ಬ್ಲಡ್‌ವರ್ಮ್ ಕರಗಿದ ನೀರಲ್ಲಿ ಪೆಲೆಟನ್ನು ಎರಡು ನಿಮಿಷ ನೆನೆಸಿ. ಚಿಮಟದಲ್ಲಿ ಹಿಡಿದು ಮೂಗಿನ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ಇವಕ್ಕೆ ಕಣ್ಣು ಮಂದ, ವಾಸನೆ ಮತ್ತು ನೀರಿನ ಅಲುಗಾಟವೇ ದಾರಿ. ಮಲ್ಲಿ ಒಪ್ಪಿಕೊಳ್ಳೋಕೆ ಮೂರು ವಾರ ಹಿಡಿಯಿತು. ಈಗ ನಾನು ಊರಿಗೆ ಹೋದಾಗ ಅಮ್ಮ ಪೆಲೆಟ್ ಹಾಕುತ್ತಾರೆ, ಹುಳು ಮುಟ್ಟುವ ಕಷ್ಟ ಅವರಿಗಿಲ್ಲ.

ಇವುಗಳ ಜೊತೆ ವಾರಕ್ಕೊಮ್ಮೆ ಬ್ಲಡ್‌ವರ್ಮ್, ಆಗಾಗ ಡಾಫ್ನಿಯಾ (ನೀರಿನ ತೀರಾ ಸಣ್ಣ ಜೀವಿ), ಉಪ್ಪು ಹಾಕದ ಸಿಗಡಿಯ ಸಣ್ಣ ಚೂರು ಕೊಡಬಹುದು. ಅಂಗಡಿಯ ಜೀವಂತ ಟ್ಯೂಬಿಫೆಕ್ಸ್ ಹುಳು ನಾನು ಮುಟ್ಟಲ್ಲ. ಅದು ಹೆಚ್ಚಾಗಿ ಕೊಳಚೆ ನೀರಿನದು, ರೋಗ ತರುತ್ತದೆ. ಮೀಲ್‌ವರ್ಮ್ ಅನ್ನುವ ಮರಿಹುಳುವಿನ ಚಿಪ್ಪು ಗಟ್ಟಿ, ಜೀರ್ಣ ಆಗಲ್ಲ. ಕೋಳಿ, ಮಟನ್ ಚೂರು ಕೊಡುವವರನ್ನು ನೋಡಿದ್ದೇನೆ, ಆ ಕೊಬ್ಬು ಇವಕ್ಕೆ ಒಗ್ಗಲ್ಲ. ಸಣ್ಣ ಗೋಲ್ಡ್‌ಫಿಶ್ ಬಿಡುವುದಂತೂ ಬೇಡವೇ ಬೇಡ. ಅದರಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇದೆ, ಪರಾವಲಂಬಿಗಳೂ ಬರಬಹುದು. ತಿನ್ನುವ ಮೊದಲು ಆ ಮೀನೇ ಇವುಗಳ ಕಿವಿರು ಕಚ್ಚುತ್ತದೆ.

ಇಷ್ಟೆಲ್ಲ ಮಾಡಿದರೂ ಊಟ ಬಿಟ್ಟರೆ ಮೊದಲು ಥರ್ಮಾಮೀಟರ್ ನೋಡಿ. ಇವುಗಳ ತವರು ಮೆಕ್ಸಿಕೊ ನಗರದ ಸೋಚಿಮಿಲ್ಕೊ ಕಾಲುವೆಗಳು, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ. ಅಲ್ಲಿ ತಣ್ಣನೆಯ ನೀರಲ್ಲಿ ಹುಳು, ಕೀಟದ ಮರಿ, ಬಸವನಹುಳು, ಸಣ್ಣ ಸಿಗಡಿ ಎಲ್ಲ ತಿಂದುಕೊಂಡಿದ್ದವು. ನಮ್ಮ ಟ್ಯಾಂಕ್ 16ರಿಂದ 18 ಡಿಗ್ರಿ ಇರಬೇಕು. 22 ದಾಟಿದರೆ ಹಸಿವು ಕೆಡುತ್ತದೆ. ಏಪ್ರಿಲ್‌ನಲ್ಲಿ ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಇಲ್ಲದೆ ನಮ್ಮ ಕಡೆ ಕಷ್ಟವೇ. ಉಷ್ಣತೆ ಸರಿ ಇದ್ದರೆ ನೀರಲ್ಲಿ ಅಮೋನಿಯಾ, ನೈಟ್ರೈಟ್ ಅನ್ನುವ ಎರಡು ವಿಷಗಳೂ ಸೊನ್ನೆ ಇವೆಯಾ ಪರೀಕ್ಷೆ ಮಾಡಿ.

ಇನ್ನು ನಿಮ್ಮ ಅಕ್ಕನ ಟೈಗರ್ ಸಲಮಾಂಡರ್. ಅದು ಆಕ್ಸೊಲಾಟಲ್‌ನ ಹತ್ತಿರದ ನೆಂಟ, ಆದರೆ ದೊಡ್ಡದಾದ ಮೇಲೆ ನೆಲದ ಮೇಲೆ ಬದುಕುತ್ತದೆ. ಅದಕ್ಕೂ ಎರೆಹುಳುವೇ ಮುಖ್ಯ. ಜೊತೆಗೆ ಕ್ರಿಕೆಟ್ ಹುಳು ಕೊಡಬಹುದು. ಆ ಹುಳುವಿಗೆ ಮೊದಲು ತರಕಾರಿ ತಿನ್ನಿಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಪುಡಿ ಸವರಿ ಹಾಕಬೇಕು, ಯಾಕೆಂದರೆ ಕೀಟಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಅದು ಸಂಜೆ ಮೇಲೆ ಚುರುಕಾಗುತ್ತದೆ, ಆಗಲೇ ಊಟ ಕೊಡಲಿ. ದೊಡ್ಡದಾಗಿದ್ದರೆ ವಾರಕ್ಕೆ ಎರಡು ಮೂರು ಸಲ ಸಾಕು. ಅದು ಬೇಗ ದಪ್ಪಗಾಗುವ ಪ್ರಾಣಿ, ಕೈ ಹಿಡಿದು ಹಾಕಲಿ.