ಮಾಗಡಿ ಕೆರೆಗೆ ಹತ್ತು ಗಂಟೆಗೆ ಹೋಗಬೇಡಿ

ಬೆಳಿಗ್ಗೆ ಹತ್ತು ಗಂಟೆಗೆ ತಲುಪಿದರೆ ಮಾಗಡಿ ಕೆರೆಯಲ್ಲಿ ಚಳಿಗಾಲಕ್ಕೆ ವಲಸೆ ಬರುವ ಹೆಬ್ಬಾತು ಸಿಗುತ್ತವಾ ಅಂತ ಕೇಳಿದ್ದೀರಿ. ಸಿಗುತ್ತವೆ. ಆದರೆ ಆ ಹೊತ್ತಿಗೆ ಅರ್ಧಕ್ಕರ್ಧ ನಿದ್ದೆಯಲ್ಲಿರುತ್ತವೆ, ಅದನ್ನು ನೋಡೋಕೆ ಬೆಂಗಳೂರಿನಿಂದ ಅಷ್ಟು ದೂರ ಬರಬೇಕಾ? (ಮ್ಯಾಪ್ ಹಾಕುವಾಗ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕು ಅಂತ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮೂರ ಪಕ್ಕದ ಮಾಗಡಿಗೇ ಕರೆದುಕೊಂಡು ಹೋಗುತ್ತದೆ.)

ಪಟ್ಟೆತಲೆ ಹೆಬ್ಬಾತು ಮೀನು ತಿನ್ನುವ ಹಕ್ಕಿ ಅಲ್ಲ. ಹುಲ್ಲು, ಕಾಳು, ಎಳೆ ಪೈರು ಅದರ ಊಟ. ಕತ್ತಲಲ್ಲಿ ಮತ್ತು ಬೆಳಗಿನ ಜಾವ ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು, ಬಿಸಿಲೇರುವಾಗ ಕೆರೆಗೆ ಮರಳುತ್ತದೆ. ನೋಡಬೇಕಾದ್ದು ಆ ಮರಳುವಿಕೆಯನ್ನೇ. ಹಾಗಾಗಿ ರಾತ್ರಿ ಗದಗದಲ್ಲೋ ಲಕ್ಷ್ಮೇಶ್ವರದಲ್ಲೋ ಉಳಿದು ಆರೂವರೆಯೊಳಗೆ ಏರಿಯ ಹತ್ತಿರ ಇರಿ. ಸೂರ್ಯ ಬೆನ್ನಿಗಿರುವ ಕಡೆ ನಿಂತುಕೊಳ್ಳಿ. ಮೊದಲು ಕೂಗು ಕೇಳುತ್ತದೆ, ಹಕ್ಕಿ ಕಾಣುವುದು ಆಮೇಲೆ. ಸಾಲು ಕಟ್ಟಿ ಬಂದು ಕೆರೆಯ ಮೇಲೆ ಸುತ್ತು ಹಾಕಿ, ಕಾಲು ಮುಂದೆ ಚಾಚಿ ನೀರಿಗೆ ಇಳಿಯುತ್ತವೆ. ಬೈನಾಕ್ಯುಲರ್ 8x42 ಸಾಕು. ಬಿಳಿ ತಲೆಯ ಹಿಂಭಾಗದ ಎರಡು ಕಪ್ಪು ಗೀರು, ಹಳದಿ ಕೊಕ್ಕಿನ ಕಪ್ಪು ತುದಿ ಎಲ್ಲಾ ಚೆನ್ನಾಗಿ ಕಾಣುತ್ತದೆ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಮೇಯುತ್ತಿರುವ ಗುಂಪು ಒಟ್ಟಿಗೆ ಕತ್ತು ನೆಟ್ಟಗೆ ಎತ್ತಿತು ಅಂದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ. ಅಲ್ಲೇ ನಿಲ್ಲಿ, ನಿಧಾನಕ್ಕೆ ಹಿಂದೆ ಸರಿಯಿರಿ. ಫೋಟೋ ಸಲುವಾಗಿ ಕಡಲೆ ಹೊಲಕ್ಕೆ ನುಗ್ಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಕ್ಕಿ ತಿಂದು ಉಳಿಸಿದ್ದನ್ನು ನಾವು ತುಳಿಯೋದಾ? 2024ರಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಕೆರೆ ಇದು, ಡ್ರೋನ್ ಅಂತೂ ಬೇಡವೇ ಬೇಡ.

ಹೆಬ್ಬಾತು ನೋಡಿದ ಕೂಡಲೇ ಹೊರಡಬೇಡಿ. ಬಾತುಗಳು ಸುಮ್ನೆ ಎದ್ದು ಚದುರಿದರೆ ಮೇಲೆ ನೋಡಿ, ಜೌಗು ಸೆಳೆವ ಅನ್ನುವ ಬೇಟೆ ಹಕ್ಕಿ ಹಾರುತ್ತಿರಬಹುದು. ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ ಇರುವ ಹೆಬ್ಬಾತು ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಎರಡನ್ನೂ ಬರೆದುಕೊಂಡು ಇಲ್ಲಿ ಹಾಕಿ. ಮಂಗೋಲಿಯಾದಲ್ಲಿ ಹಾಗೆ ಪಟ್ಟಿ ಹಾಕಿದ ಹಕ್ಕಿಗಳು ಮೈಸೂರು ಹತ್ತಿರದ ಹದಿನಾರು ಕೆರೆಯಲ್ಲಿ ಸಿಕ್ಕಿವೆ.

ಡಿಸೆಂಬರ್ ಕೊನೆ, ಜನವರಿ ಒಳ್ಳೆಯ ಸಮಯ. ಮಾರ್ಚ್ ಹೊತ್ತಿಗೆ ವಾಪಸ್ ಹೊರಟುಬಿಡುತ್ತವೆ. ಮಳೆ ಕೈಕೊಟ್ಟ ವರ್ಷವಾದರೆ ಟಿಕೆಟ್ ಮಾಡಿಸುವ ಮುಂಚೆ ಕೆರೆಯಲ್ಲಿ ನೀರಿದೆಯಾ ಅಂತ ಊರವರನ್ನು ಒಮ್ಮೆ ಕೇಳಿಕೊಳ್ಳಿ.